ಒಂದು ಓಟಿನ ಮುನ್ನಡೆ

ಹೊಲಿಗೆ ಅಂಗಡಿ,
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಣ್ಣಿನ ಕಟ್ಟು ಬಿಚ್ಚಿದರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಉರಿ ಇದೆಯೇ? ಹೊತ್ತು ಹೊತ್ತಿಗೆ ಔಷಧಿ ಹಾಕಿಸಿಕೊಳ್ಳುತ್ತಿದ್ದೀಯಾ, ಇಲ್ಲ ಅವಳ ಹತ್ತಿರ ಹಟ ಮಾಡುತ್ತಿದ್ದೀಯಾ? ಸೂಜಿಗೆ ದಾರ ಪೋಣಿಸಿ ನೋಡಿದೆಯಂತೆ, ಒಂದೇ ಸಲಕ್ಕೆ ಹೋಯಿತಂತೆ. ಕೇಳಿ ಕುಣಿಯುವಷ್ಟು ಖುಷಿಯಾಯಿತು. ಹಾಗಾಗಿ ಈ ಕಾಗದವನ್ನು ಅಕ್ಕನ ಕೈಲಿ ಓದಿಸಬೇಡ, ನೀನೇ ಓದು.

ನೀನು ನಂಬುವುದಿಲ್ಲ, ಸಾಹೇಬರು ಸೋತರು. ಮೂವತ್ತು ವರ್ಷ ನಮ್ಮ ಪ್ರಾಂತ್ಯದ ಶಾಸನಸಭೆಯಲ್ಲಿ ಕೂತವರು, ಪ್ರತಿ ಸಲ ಎಣಿಕೆಗೆ ಮೊದಲೇ ನಿನ್ನಿಂದ ಗೆಲುವಿನ ಕೋಟು ಹೊಲಿಸಿಕೊಂಡವರು, ಆಸ್ಪತ್ರೆಯ ನರ್ಸಮ್ಮನ ಮುಂದೆ ನಾಲ್ಕು ಸಾವಿರ ಓಟಿನಿಂದ ಸೋತರು. ನಿನ್ನೆ ಪೂರ್ತಿ ರೇಡಿಯೋಗೆ ಕಿವಿ ಕೊಟ್ಟು ನಾಲ್ಕು ಶರ್ಟಿಗೆ ಕಾಲರ್ ತಲೆಕೆಳಗಾಗಿ ಕೂರಿಸಿದ್ದೇನೆ, ಈಗ ಬಿಚ್ಚುತ್ತಾ ಕೂತಿದ್ದೇನೆ. ಪ್ರಾಂತ್ಯದ ತುಂಬ ಇದೇ ಕಥೆ, ಹಳಬರೆಲ್ಲ ಒಬ್ಬೊಬ್ಬರಾಗಿ ಮಕಾಡೆ ಮಲಗಿದರು. ರೇಡಿಯೋದ ಪಂಡಿತರು ಗಾಳಿ ಬೀಸಿತು, ಅಲೆ ಎದ್ದಿತು ಎನ್ನುತ್ತಿದ್ದಾರೆ. ನನಗೆ ಎರಡು ತಿಂಗಳ ಹಿಂದೆಯೇ ಗೊತ್ತಿತ್ತು. ಎದೆಗೆ ಟೇಪು ಸುತ್ತಿಸಿಕೊಂಡು ನಿಂತವರು ಸುಳ್ಳು ಹೇಳುವುದಿಲ್ಲ ಎಂದು ನೀನೇ ಕಲಿಸಿದ್ದಲ್ಲವೇ? ಬೇಕರಿಯವನು ಎರಡೂ ಕೈ ಎತ್ತಿ ನಿಂತು, "ಸಾಹೇಬ್ರು ಕೆಟ್ಟೋರಲ್ಲ ಕಣಮ್ಮಾ, ಆದ್ರೆ ಅವರ ಕಾರಿನ ಗಾಜು ಇಳಿದು ಎಷ್ಟು ವರ್ಷ ಆಯ್ತು ಹೇಳು" ಎಂದ. ಬಸ್ ಡ್ರೈವರನ ಹೆಂಡತಿ, "ನಮ್ಮತ್ತೆ ಮಂಡಿನೋವು ಹೇಗಿದೆ ಅಂತ ನರ್ಸಮ್ಮ ದಾರೀಲಿ ನಿಲ್ಸಿ ಕೇಳ್ತಾರೆ, ಅಷ್ಟು ಸಾಕು" ಎಂದಳು. ಜನಕ್ಕೆ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು ಅಪ್ಪಾ. ನಾನೂ ನರ್ಸಮ್ಮನಿಗೇ ಹಾಕಿದೆ, ಬೈದುಕೋ.

ಇನ್ನು ನಮ್ಮ ಬೂತಿನ ಸುದ್ದಿ ಕೇಳು. "ಈ ಬೀದಿ ನನ್ನ ಜೇಬಲ್ಲಿದೆ" ಎನ್ನುತ್ತಿದ್ದೆಯಲ್ಲ, ಇಲ್ಲಿ ನರ್ಸಮ್ಮನಿಗೆ ಒಂದೇ ಒಂದು ಓಟಿನ ಮುನ್ನಡೆ. "ಟೈಲರ್ ಇದ್ದಿದ್ರೆ ಸಮ ಆಗ್ತಿತ್ತು" ಎಂದು ಬೀದಿಗೆ ಬೀದಿಯೇ ನಗುತ್ತಿದೆ.

ಇವತ್ತು ಬೆಳಗ್ಗೆ ಸಾಹೇಬರು ಒಬ್ಬರೇ ನಡೆದುಕೊಂಡು ಬಂದರು. ಆಪರೇಷನ್ನಿಗೆಂದು ಅಕ್ಕನ ಊರಿಗೆ ಹೊರಡುವ ಮೊದಲು ನೀನು ಕೈಯಂದಾಜಿನಲ್ಲೇ ಹೊಲಿದಿಟ್ಟಿದ್ದ ಕೋಟನ್ನು ತೊಟ್ಟು ಕನ್ನಡಿಯ ಮುಂದೆ ನಿಂತರು. "ಅಳತೆ ಸರಿಯಾಗಿದೆ. ಈ ಬೀದೀಲಿ ನಿಮ್ಮಪ್ಪ ಒಬ್ಬ ನನ್ನ ಕೈ ಬಿಡಲಿಲ್ಲ" ಎಂದರು. ಅಷ್ಟು ಹೊತ್ತಿನ ನನ್ನ ಹಾರಾಟ ಅಲ್ಲಿಗೆ ನಿಂತಿತು. ಗುಂಡಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ.

ಅಕ್ಕನಿಗೂ ಭಾವನಿಗೂ ನೆನಪು ಹೇಳು. ಕಣ್ಣು ಉಜ್ಜಬೇಡ. ನಿನ್ನ ಕತ್ತರಿಯನ್ನು ಯಾರಿಗೂ ಮುಟ್ಟಗೊಟ್ಟಿಲ್ಲ.

ನಿನ್ನ ಬಾಯಿಬಡುಕಿ

ವಿ.ಸೂ.: ಡಾಕ್ಟರ ಚೀಟಿಯಲ್ಲಿ ಆಪರೇಷನ್ನಿಗೆ ಎರಡು ತಾರೀಕುಗಳಿದ್ದವು. ಎರಡನೆಯದು ಮತದಾನ ಮುಗಿದ ಮೇಲಿನ ವಾರಕ್ಕೆ. ಆಗ ನಿನಗೆ ಅಕ್ಷರ ಕಾಣುತ್ತಿರಲಿಲ್ಲ, ಓದಿ ಹೇಳಿದವಳು ನಾನು. ಮೊದಲನೆಯದನ್ನಷ್ಟೇ ಓದಿದೆ. ಚೀಟಿ ಇದರೊಳಗೇ ಇಟ್ಟಿದ್ದೇನೆ, ಈಗ ನೀನೇ ಓದಬಹುದು.