ನಾನು ಹೇಳದೆ ಬಿಟ್ಟಿದ್ದು

ಸೋಲಾಪುರ, ಭಾನುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಗರ್ಭಕೋಶದ ಆಪರೇಷನ್‌ಗೆ ವಿಮೆಯ ಪಟ್ಟಿಯಲ್ಲಿ ಎರಡು ಆಸ್ಪತ್ರೆಗಳಿವೆ. ತಮ್ಮ ಸಿದ್ಧರಾಮ ಪುಣೆಯ ದೊಡ್ಡದೇ ಆಗಲಿ ಎನ್ನುತ್ತಾನೆ. ನಾನು ಸೋಲಾಪುರದ್ದನ್ನು ಆರಿಸಿದ್ದೇನೆ. ಇಲ್ಲಿಯ ಡಾಕ್ಟರಮ್ಮ ಇಂಡಿ ಕಡೆಯವರು, ಕನ್ನಡ ಮಾತಾಡುತ್ತಾರೆ.

ಅಕ್ಕಲಕೋಟೆಯ ಡಾಕ್ಟರರ ಮುಂದೆ ನಿನ್ನ ಮಾತನ್ನು ಮರಾಠಿಯಲ್ಲಿ ಹೇಳಲು ನನ್ನನ್ನು ಕರೆದೊಯ್ದದ್ದು ನೆನಪಿದೆಯೇ? ನನಗಾಗ ಹತ್ತು ವರ್ಷ. "ಕೆಳಗ ಏನೋ ಜಾರಿದಂಗ ಆಗ್ತೈತಿ ಅಂತ ಹೇಳವ್ವಾ" ಎಂದೆ ನೀನು. ನಾನು ನಾಚಿಕೊಂಡು, ಸೊಂಟ ನೋವು ಎಂದಷ್ಟೇ ಹೇಳಿದೆ. ಅವರು ಮುಲಾಮು ಬರೆದುಕೊಟ್ಟರು. ಬರುವಾಗ ಎಸ್.ಟಿ. ಬಸ್ಸಿನ ತುಂಬ ನಿನ್ನದೇ ಮಾತು: "ನನ್ನ ಮಗಳ ಮರಾಠಿ ಕೇಳ್ಬೇಕ್ರಿ, ಡಾಕ್ಟರ್ ಸುದ್ದಾ ಶಾಬಾಶ್ ಅಂದ್ರು!" ಆಮೇಲೆ ಎಷ್ಟೋ ವರ್ಷ ಆ ಮುಲಾಮಿನ ವಾಸನೆಯಲ್ಲೇ ನಿನ್ನ ಮಗ್ಗುಲಲ್ಲಿ ಮಲಗಿದೆ.

ಗುರುವಾರ ಬೆಳಗಿನ ಎಸ್.ಟಿ.ಗೆ ಬಾ. ಆಧಾರ್ ಕಾರ್ಡು, ಹಳೆಯ ರಿಪೋರ್ಟುಗಳು ಚೀಲದಲ್ಲಿರಲಿ. ನಾನು ಡಾಕ್ಟರಮ್ಮನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗೆ ನೀನೊಬ್ಬಳೇ ಹೋಗು. ಆವತ್ತು ನನಗೆ ಹೇಳಿದ ಮಾತಿನಿಂದಲೇ ಶುರು ಮಾಡು.

ನಿನ್ನ ಮಗಳು,
ಛಾಯಾ