ಬಿಳಿ ಹೂ ಬಿಟ್ಟ ತಪ್ಪಿಗೆ ಸುಟ್ಟುಹೋದ ಹದಿನಾಲ್ಕು ಗಿಡಗಳು

ಜೈವಿಕ ಸುರಕ್ಷತಾ ತಪಾಸಣಾಧಿಕಾರಿಗಳೇ,

ಕಳೆದ ಫೆಬ್ರುವರಿಯಲ್ಲಿ ಕೋಲ್ಕತ್ತದ ಸಂಶೋಧನಾ ಸಂಸ್ಥೆಯೊಂದರ ಗಾಜಿನ ಮನೆಗೆ ಬಂದು, ನನ್ನ ಅಕ್ಕ ಚಿನ್ಮಯಿ ಬೆಳೆಸಿದ್ದ ಹದಿನಾಲ್ಕು ಪೆಟೂನಿಯಾ ಗಿಡಗಳನ್ನು ಕೀಳಿಸಿ ಸುಡಿಸಿದಿರಿ. ಅವು ಮಾಡಿದ ತಪ್ಪು ಬಿಳಿ ಹೂ ಬಿಟ್ಟದ್ದು. ನಿಮ್ಮ ನಮೂನೆಯ 'ಹೂವಿನ ಬಣ್ಣ' ಎಂಬ ಕಾಲಮ್ಮಿನಲ್ಲಿ ಮೂಲ ತಳಿಯ ಬಣ್ಣ ನೇರಳೆ ಎಂದಿತ್ತು. ಪಾಪ, ಗಿಡಗಳು ನಮೂನೆ ಓದಿರಲಿಲ್ಲ.

ನೀವೂ ಅಕ್ಕನ ಅರ್ಜಿಯ ಎರಡನೇ ಪುಟ ಓದಿರಲಿಲ್ಲ. ಹೂ ಬಿಳಿಯಾಗಬಹುದೆಂದು, ಯಾಕೆಂದು ಅಲ್ಲೇ ಇತ್ತು. ಜೀನಿನ ಆದೇಶ ಆರ್‌ಎನ್‌ಎ ಎಂಬ ಚೀಟಿಯಾಗಿ ತಲುಪಿದರೆ ಮಾತ್ರ ಬಣ್ಣ ತಯಾರಾಗುತ್ತದೆ. ಅಕ್ಕ ನಲವತ್ತು ಗಿಡಗಳಿಗೆ ನೇರಳೆ ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿದ್ದಳು. ಆಗ ಕೆಲವು ಗಿಡಗಳಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಹುಟ್ಟುತ್ತದೆ. ಅದನ್ನು ಕಂಡರೆ ಗಿಡಕ್ಕೆ ವೈರಸ್ ಹೊಕ್ಕಿತೆಂಬ ಅನುಮಾನ. ಅದನ್ನು ಚೂರು ಚೂರು ಮಾಡುತ್ತದೆ. ಆ ಚೂರುಗಳನ್ನೇ ಗುರುತಾಗಿಟ್ಟುಕೊಂಡು, ಅದೇ ಬರಹವಿರುವ ತನ್ನ ಸ್ವಂತ ಚೀಟಿಗಳನ್ನೂ ಕತ್ತರಿಸುತ್ತದೆ. ಜೀನ್ ಇದ್ದಲ್ಲೇ ಇರುತ್ತದೆ, ಮಾತು ತಲುಪುವುದಿಲ್ಲ. ಹೂ ಬಿಳಿ. ಇದು ಜಗತ್ತಿಗೆ ದಶಕಗಳಿಂದ ಗೊತ್ತು.

ಮೊದಲ ಬಿಳಿ ಹೂವಿನ ಫೋಟೊ ನೋಡಿ ನಾನೂ ನಕ್ಕಿದ್ದೆ.

"ಅಕ್ಕಾ, ಬಣ್ಣ ಹೆಚ್ಚಾಗ್ಲಿ ಅಂತ ಜೀನ್ ಹಾಕಿದಿ, ಇದ್ದ ಬಣ್ಣಾನೂ ಹೋತಲ್ಲ?"

"ಅದಕ್ಕ ಕಾಯ್ಕೋತ ಕೂತಿದ್ದೆ ಹುಚ್ಚಾ. ಬ್ಯಾಸಗಿ ಸೆಕಿಗೂ ಇದು ಬೀಜದಾಗ ಉಳೀತದೇನು, ಅಷ್ಟು ನೋಡಬೇಕು."

ಅದಕ್ಕೆ ಉತ್ತರ ಆ ಹದಿನಾಲ್ಕು ಗಿಡಗಳ ಕಾಯಿಯೊಳಗಿತ್ತು. ಕಾಯಿ ಬಲಿಯಲು ಇನ್ನು ಒಂದೇ ವಾರವಿತ್ತು.

ನಿಮಗೂ ಅವಳಿಗೂ ನಡೆದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

"ಬರೆದಿರುವುದು ನೇರಳೆ. ಇವು ನಿಮ್ಮ ಗಿಡಗಳೇ ಅಲ್ಲ."

"ಸರ್, ಬಿಳಿಯಾಗಿದ್ದೇ ಫಲಿತಾಂಶ."

"ಹಾಗಾದರೆ ಬಿಳಿ ಎಂದೇ ಬರೆಯಬೇಕಿತ್ತು."

"ನಲವತ್ತು ಗಿಡಗಳಲ್ಲಿ ಯಾವುದು ಬಿಳಿಯಾಗುತ್ತದೆಂದು ಹೂ ಬಿಡುವ ಮೊದಲು ಹೇಗೆ ಬರೆಯಲಿ, ಸರ್?"

ಇದಕ್ಕೆ ನಿಮ್ಮ ಉತ್ತರ, ಕಡತದಲ್ಲಿ ಎರಡು ಪದ: 'ಸುಳ್ಳು ಘೋಷಣೆ'. ಅದರ ಬಲದಿಂದ ಈಗ ಅವಳ ಅನುಮತಿಯೇ ರದ್ದಾಗಲಿದೆ, ಜೊತೆಗೆ ನಾಲ್ಕು ವರ್ಷದ ಪಿಎಚ್‌ಡಿಯೂ. ಫಲಿತಾಂಶವನ್ನು ಮೊದಲೇ ಬರೆದುಕೊಡಬೇಕೆಂದರೆ ಪ್ರಯೋಗ ಯಾಕೆ, ಗಾಜಿನ ಮನೆ ಯಾಕೆ, ನೀವಾದರೂ ಯಾಕೆ?

ತಪಾಸಣೆಯೇ ಬೇಡ ಎನ್ನುವವನಲ್ಲ ನಾನು. ಕುಲಾಂತರಿ ಬೆಳೆಗಳ ಮೇಲೆ ಕಣ್ಣಿಡಿ ಎಂದು ಜಾದವ್‌ಪುರದ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದವನು. ಕಣ್ಣಿಡಿ ಎಂದದ್ದು ಗಿಡದ ಮೇಲೆ. ನೀವು ಕಾಲಮ್ಮಿನ ಮೇಲೆ ಇಟ್ಟಿರಿ.

ಆ ಎರಡು ಪದ ಅಳಿಸಿ. ಬರುವ ಚಳಿಗಾಲದಲ್ಲಿ ಮತ್ತೆ ಬೆಳೆಯಲು ಅವಳಿಗೆ ಅನುಮತಿ ಕೊಡಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ನರ್ಸರಿಯಿಂದ ಸಾಮಾನ್ಯ ಬಿಳಿ ಪೆಟೂನಿಯಾದ ಕುಂಡವೊಂದನ್ನು ತಂದು ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತೇನೆ. ಅದನ್ನು ಸುಡಬೇಕೋ ಬೇಡವೋ, ನೋಡಿ ಹೇಳಿ.

ಇಂತಿ,
ನಿಮ್ಮಂಥವರು ಬೇಕೇ ಬೇಕೆಂದು ಊರೆಲ್ಲ ಸುತ್ತಿ ಸಹಿ ಸಂಗ್ರಹಿಸಿದ್ದ
ಅಭಯ, ಬಾಲಿಗಂಜ್, ಕೋಲ್ಕತ್ತ