ಮಚ್ಚೆ ಯಾವ ಕೆನ್ನೆಗೆ?

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಇಂದೂ ಸಿಂಕ್ ತುಂಬ ಕಪ್ಪು ಇಂಕು. ಮುಖ ತೊಳೆಯಲು ಹೋದೆ, ಕೈಗೆ ಹತ್ತಿದ್ದು ಮೀಸೆಗೂ ಹತ್ತಿತು. ನಾದಿನಿ ನೋಡಿ, "ಭಾವಾ, ಹತ್ತು ವರ್ಷ ಚಿಕ್ಕೋರಾದ್ರಿ!" ಅಂದಳು. ತೊಳೆಯಲು ಮನಸ್ಸೇ ಬರಲಿಲ್ಲ.

ಇಪ್ಪತ್ತಕ್ಕೆ ಪ್ರದರ್ಶನ. ಅಕ್ಕ-ತಂಗಿ ಇಬ್ಬರ ಪೇಂಟಿಂಗು, ಪ್ರಿಂಟು. ಅಕ್ಕ, ಅಂದರೆ ನನ್ನವಳು, ಹೋಗಿ ಎರಡು ವರ್ಷ. ತಂಗಿ ಬೆಳಗಾದರೆ ನಮ್ಮ ಮನೆಯ ಪ್ರೆಸ್ ರೂಮಿಗೆ ಹಾಜರು. ನನಗೆ ಲೇಬಲ್ ಬರೆಯುವ ಕೆಲಸ. ಅಕ್ಷರ ದುಂಡಗೆ, ತಲೆ ಅಷ್ಟಕ್ಕಷ್ಟೆ — ನಾದಿನಿ ಕೊಟ್ಟ ಸರ್ಟಿಫಿಕೇಟು.

ಕೊನೆಯ ಡ್ರಾಯರಿನ ತಳದಲ್ಲಿ ಸಹಿ ಇಲ್ಲದ ಒಂದು ವುಡ್‌ಕಟ್ ಪ್ರಿಂಟು, ಮರದ ಹಲಗೆ ಕೆತ್ತಿ ಕಾಗದಕ್ಕೆ ಒತ್ತಿದ್ದು. ಆರಾಮಕುರ್ಚಿಯಲ್ಲಿ ಒಬ್ಬ ಗಂಡಸು, ಬಾಯಿ ತೆರೆದು ನಿದ್ದೆ. ಕೆನ್ನೆಯ ಮೇಲೆ ಮಚ್ಚೆ. ನಾನೇ!

ಯಾರು ಕೆತ್ತಿದ್ದು? ಮೂವತ್ತೆಂಟು ವರ್ಷದ ಸಂಸಾರ. ಬಕೆಟ್ ಬರೆದಳು, ಬೆಕ್ಕು ಬರೆದಳು, ಎದುರುಮನೆಯವರು ಒಣಹಾಕಿದ ಬಟ್ಟೆಯನ್ನೂ ಬಿಡಲಿಲ್ಲ. ನನ್ನನ್ನು ಮಾತ್ರ ಒಮ್ಮೆಯೂ ಇಲ್ಲ. ಕೇಳಿದರೆ, "ನೀವು ಒಂದು ಕಡೆ ಕೂತ್ರೆ ತಾನೇ?" ಎನ್ನುತ್ತಿದ್ದಳು. ಇದು ಅವಳದ್ದೇ ಆಗಿದ್ದರೆ... ಐ ಆಮ್ ನಾಟ್ ಎ ಸೆಡಿಮೆಂಟಲ್ ಮ್ಯಾನ್. ಸೆಡಿಮೆಂಟೋ ಸೆಂಟಿಮೆಂಟೋ... ಕಾಲೇಜಿನಲ್ಲಿ ಓದಿದ್ದು, ತಳ ಹಿಡಿದಿದೆ.

ನಾದಿನಿಗೂ ನೆನಪಿಲ್ಲ. "ಒಂದೇ ಮೇಜು, ಅವೇ ಉಳಿ. ಯಾರದು ಯಾವುದು ಅಂತ ಹೇಗೆ ಹೇಳ್ಲಿ ಭಾವಾ?"

ಮಾರ್ಚ್ 4. ಮಧ್ಯಾಹ್ನ

ಹೊಳೆಯಿತು! ಹಲಗೆಯಲ್ಲಿ ಕೆತ್ತಿದ್ದು ಕಾಗದದ ಮೇಲೆ ಎಡಬಲ ಅದಲುಬದಲು. ಅದಕ್ಕೇ ನನ್ನವಳು ಚಿತ್ರವನ್ನು ಮೊದಲು ತಿರುಗಿಸಿ ಹಲಗೆಗೆ ಇಳಿಸಿಕೊಂಡೇ ಉಳಿ ಹಿಡಿಯುತ್ತಿದ್ದಳು. ತಂಗಿ ಸೋಮಾರಿ, ಕಂಡದ್ದನ್ನು ಕಂಡ ಹಾಗೇ ಕೆತ್ತುವವಳು. ಅಂದರೆ ಮಚ್ಚೆ ಸರಿಯಾದ ಕೆನ್ನೆಯಲ್ಲಿದ್ದರೆ ಅಕ್ಕನದು, ಇಲ್ಲದಿದ್ದರೆ ತಂಗಿಯದು. ಸರ್ಕಮ್‌ಸ್ಟೇಷನಲ್ ಎವಿಡೆನ್ಸ್!

ಪ್ರಿಂಟನ್ನು ಕನ್ನಡಿಯ ಪಕ್ಕ ಹಿಡಿದೆ. ಡಿಟ್ಟೋ! ಕುಣಿದುಬಿಟ್ಟೆ. ನಾದಿನಿ ಇಂಕಿನ ರೋಲರ್ ಹಿಡಿದೇ ಓಡಿಬಂದಳು. ಕೇಳಿ ಪ್ರಿಂಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

"ಭಾವಾ... ಕನ್ನಡೀಲಿ ನೋಡ್ಕೊಂಡ್ರಾ?"

"ಮತ್ತೆ? ನನ್ನ ಮುಖ ನನಗೆ ಇನ್ನೆಲ್ಲಿ ಕಾಣುತ್ತೆ?"

"ಕನ್ನಡೀನೂ ತಿರುಗಿಸೇ ತೋರ್ಸುತ್ತಲ್ಲ! ನಿಮ್ಮ ಮಚ್ಚೆ ಬಲಗೆನ್ನೇಲಿ. ಇದರಲ್ಲಿ ಎಡಕ್ಕೆ ಬಂದಿದೆ."

ಅಂದರೆ ತಂಗಿಯದು. ನನ್ನ ರೂಲು, ನನ್ನ ತಲೆಗೇ.

"ನಿಮ್ಮನ್ನ ಕೆತ್ತೋಕೆ ನಾನ್ಯಾಕೆ ಹೋದೆ, ಬೇರೆ ಕೆಲಸ ಇರ್ಲಿಲ್ವಾ?" ಎಂದು ಗೊಣಗುತ್ತ ಹೋದಳು.

ಮಾರ್ಚ್ 5

ಲೇಬಲ್ ಬರೆದೆ. ತಂಗಿಯ ಹೆಸರು. ಅಕ್ಷರ ದುಂಡಗೆ ಬರಲಿಲ್ಲ.

ಮಾರ್ಚ್ 12. ಸಂಜೆ 4

ಪ್ರೆಸ್ ರೂಮಿನ ಕಪಾಟು ಸರಿಸಿದೆವು. ಅಲುಗಾಡದಿರಲೆಂದು ಎಂದೋ ನಾನೇ ನೋಡದೆ ಅದರ ಕಾಲಡಿ ತುರುಕಿದ್ದ ಹಲಗೆ ಹೊರಬಂತು. ನಾದಿನಿ ಧೂಳು ಒರೆಸಿದವಳೇ ಕಿರುಚಿದಳು. ಒಂದು ಬದಿಯಲ್ಲಿ ನಾನು, ಬಾಯಿ ತೆರೆದು. ಹಿಂಬದಿಯಲ್ಲಿ ಪೆನ್ಸಿಲ್. ನನ್ನವಳ ಅಕ್ಷರ:

ಭಾನುವಾರ 1 — ಕಾಗದದಲ್ಲಿ ಅರ್ಧ. ಎದ್ದರು.
ಭಾನುವಾರ 2 — ಮತ್ತೆ ಕಾಗದ. ಸೀನಿ ಎದ್ದರು.
ಭಾನುವಾರ 3 — ಕಾಗದ ಬೇಡ. ನೇರ ಹಲಗೆಗೇ. ಎಡಬಲ ಏನಾದರೂ ಆಗಲಿ.

ಹೀಗೇ ಏಳರವರೆಗೆ.

ಭಾನುವಾರ 7 — ಕಣ್ಣು ಬಿಟ್ಟರು. ನನ್ನನ್ನು ನೋಡಿ ನಕ್ಕರು. ಮತ್ತೆ ನಿದ್ದೆ. ಮುಗಿಯಿತು.

"ಉಳಿ ಸದ್ದಿಗೂ ಎಚ್ಚರ ಆಗ್ಲಿಲ್ವಾ ಭಾವಾ?" ಎಂದಳು ನಾದಿನಿ. ತಾನೇ ಉತ್ತರಿಸಿದಳು: "ನಿಮ್ಮ ಗೊರಕೆ ಮುಂದೆ ಉಳಿ ಯಾವ ಲೆಕ್ಕ!" ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಖವೆಲ್ಲ ಇಂಕು.

ಹಳೆಯ ಲೇಬಲ್ ಹರಿದೆ. "ಭಾವಾ, ಚಿತ್ರಕ್ಕೆ ಹೆಸರೇನು?" ಎಂದು ಒಳಗಿಂದ ಕೂಗುತ್ತಿದ್ದಾಳೆ. ಆಮೇಲೆ ಹೇಳಿದರಾಯಿತು.

ನಕ್ಕೆನಂತೆ. ಯಾವಾಗ? ಒಂದು ಚೂರೂ ನೆನಪಿಲ್ಲವಲ್ಲ. ನಾನೀಗ ಕೂತಿರುವ ಈ ಕುರ್ಚಿ ಕಿಟಕಿಯ ಬಳಿ ಇದ್ದಾಗಲೇ ಇರಬೇಕು. ಅವಳು ಎದುರಿಗೆ, ನೆಲದ ಮೇಲೆ, ಮಡಿಲಲ್ಲಿ ಹಲಗೆ... ಇಲ್ಲ, ಸ್ಟೂಲಿನ ಮೇಲೆ... ಇದೇ ಕುರ್ಚಿಯಲ್ಲಿ ಸ್ವಲ್ಪ ಒರಗಿ, ಕಣ್ಣು ಮುಚ್ಚಿ ನೋಡಿದರೆ —